ಮಕೊಂಡೆಯೋ, ಅಕುಅಬಾವೋ? ಮನೆಗೊಂದು ಆಫ್ರಿಕನ್ ಮರದ ಗೊಂಬೆ ಆರಿಸುವ ಮುನ್ನ

ಆನ್‌ಲೈನ್ ಅಂಗಡಿಗಳಲ್ಲಿ ‘ಆಫ್ರಿಕನ್ ಗೊಂಬೆ’ ಅಂತ ಹುಡುಕಿ ನೋಡಿ. ತಲೆಯ ಮೇಲೆ ಮಡಕೆ ಹೊತ್ತ, ಕಡ್ಡಿಯ ಹಾಗೆ ಉದ್ದುದ್ದ ಬೆಳೆದ ಮೂವರು ಹೆಂಗಸರ ಸೆಟ್ಟು ಸಾಲುಸಾಲಾಗಿ ಬರುತ್ತದೆ. ಕಪ್ಪು ಮೈ, ಚಿನ್ನದ ಬಣ್ಣದ ಬಳೆ, ಕಿತ್ತಳೆ ಬಣ್ಣದ ಬಟ್ಟೆ. ಇವುಗಳಲ್ಲಿ ಬಹುಪಾಲು ಮರವೇ ಅಲ್ಲ, ಅಚ್ಚಿಗೆ ಸುರಿದ ರೆಸಿನ್. ಟಿವಿ ಪಕ್ಕಕ್ಕೆ ಒಂದು ಅಲಂಕಾರ ಸಾಕು ಅನ್ನುವವರಿಗೆ ಅದರಿಂದ ನಷ್ಟವೇನೂ ಇಲ್ಲ. ಆದರೆ ಅದು ಆಫ್ರಿಕಾದ ಯಾವ ಸೀಮೆಯದು, ಯಾವ ಜನರದು ಎಂದು ಕೇಳಿದರೆ ಮಾರುವವರ ಹತ್ತಿರ ಉತ್ತರ ಇರುವುದಿಲ್ಲ.

ಈ ಬರಹ ಕೈಯಲ್ಲಿ ಕೆತ್ತಿದ ಮರದ್ದೇ ಬೇಕು ಎನ್ನುವವರಿಗೆ. ಕೆಲಸದ ನಿಮಿತ್ತ ಕೆಲವು ವರ್ಷ ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿದ್ದವನಿಗೆ ಊರಿಂದ ಬರುತ್ತಿದ್ದ ಬೇಡಿಕೆ ಒಂದೇ ತರಹದ್ದು: ‘ಬರುವಾಗ ಒಂದು ಆಫ್ರಿಕನ್ ಗೊಂಬೆ ತಗೊಂಡು ಬಾರೋ.’ ಯಾವುದು ಬೇಕು ಎಂದರೆ, ‘ಯಾವುದಾದ್ರೂ ಸರಿ, ಹಳೇದಾಗಿದ್ರೆ ಒಳ್ಳೇದು.’ ಈ ಎರಡು ಮಾತುಗಳೇ ಜನರನ್ನು ಅಡ್ಡದಾರಿಗೆ ಎಳೆಯುವುದು. ಯಾವುದಾದರೂ ಸರಿ ಎಂದವರಿಗೆ ಅಂಗಡಿಯವನು ಖರ್ಚಾಗದೆ ಉಳಿದದ್ದನ್ನು ಕೊಡುತ್ತಾನೆ. ಹಳೆಯದು ಬೇಕು ಎಂದವರಿಗೆ ಹೋದ ತಿಂಗಳು ಕೆತ್ತಿ, ಮಣ್ಣಲ್ಲಿ ಹೂತು, ಹೊಗೆ ಹಿಡಿಸಿದ್ದನ್ನು ಕೊಡುತ್ತಾನೆ. ನನ್ನ ಸಲಹೆ ಇದಕ್ಕೆ ಪೂರ್ತಿ ವಿರುದ್ಧ. ಹೊಸದನ್ನೇ ಕೊಳ್ಳಿ, ಯಾವ ಜನರ ಕೆತ್ತನೆ, ಯಾವ ಮರ ಎಂಬುದನ್ನು ತಿಳಿದು ಕೊಳ್ಳಿ.

ಮರದಿಂದ ಶುರು ಮಾಡೋಣ

ಪೂರ್ವ ಆಫ್ರಿಕಾದ ಅಂಗಡಿಗಳಲ್ಲಿ ‘ಎಬೊನಿ’ ಎಂದು ಮಾರುವ ಕಪ್ಪು ಮರ ಅಸಲಿಗೆ ಎಬೊನಿಯ ಜಾತಿಯದಲ್ಲ. ಅದು ಎಂಪಿಂಗೊ. ಸಸ್ಯಶಾಸ್ತ್ರದವರಿಗೆ ಡಾಲ್ಬರ್ಜಿಯಾ ಮೆಲನೊಕ್ಸಿಲಾನ್, ಅಂದರೆ ನಮ್ಮ ಬೀಟೆಯ ಕುಲದ್ದೇ. ಬೀಟೆಯ ಮಂಚವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದವರಿಗೆ ಆ ಕುಲದ ತೂಕ ಗೊತ್ತು. ಎಂಪಿಂಗೊ ಇನ್ನೂ ಭಾರ: ಒಂದು ಘನ ಮೀಟರಿಗೆ ಸುಮಾರು 1,200 ಕೆಜಿ. ನೀರಿಗೆ ಹಾಕಿದರೆ ಕಲ್ಲಿನಂತೆ ತಳ ಸೇರುತ್ತದೆ. ಕ್ಲಾರಿನೆಟ್, ಓಬೊ ಎಂಬ ಊದುವ ವಾದ್ಯಗಳನ್ನು ಮಾಡುವವರು ಹುಡುಕಿಕೊಂಡು ಹೋಗುವುದೂ ಇದೇ ಮರವನ್ನು. ಕಡಿಯುವ ಗಾತ್ರಕ್ಕೆ ಬರಲು 70 ವರ್ಷಕ್ಕೂ ಹೆಚ್ಚು ಬೇಕು, ಅಷ್ಟಾದರೂ ಕಾಂಡ ನೆಟ್ಟಗಿರುವುದಿಲ್ಲ. ಗಂಟು, ಸೊಟ್ಟ, ನಡುವೆ ಪೊಟರೆ. ಆದ್ದರಿಂದ ಎರಡಡಿ ಎತ್ತರದ, ಒಂದೂ ಗಂಟಿಲ್ಲದ, ಅಡಿಯಿಂದ ಮುಡಿಯವರೆಗೆ ಒಂದೇ ಸಮ ಕಪ್ಪಗಿರುವ ದಪ್ಪ ಗೊಂಬೆಯನ್ನು ಕಡಿಮೆ ಬೆಲೆಗೆ ತೋರಿಸಿದರೆ ಅನುಮಾನ ಪಡಬೇಕು.

ಎಂಪಿಂಗೊವನ್ನು ಅಡ್ಡ ಕುಯ್ದರೆ ಹೊರಗೆ ಹಳದಿ ಮಿಶ್ರಿತ ಬಿಳಿಯ ತೆಳು ಪದರ, ಒಳಗೆ ಬಡಗಿಗಳು ಕೆಚ್ಚು ಎನ್ನುವ ಭಾಗ. ಈ ಕೆಚ್ಚು ಮಸಿಯಂಥ ಕಪ್ಪಲ್ಲ, ಕಡುನೇರಳೆ ಬೆರೆತ ಕಂದುಗಪ್ಪು. ಗೊಂಬೆಯ ತಳಕ್ಕೆ ಸಣ್ಣ ಸ್ಯಾಂಡ್ ಪೇಪರಿನಿಂದ ಎರಡು ಉಜ್ಜು ಉಜ್ಜಿದರೆ ಉದುರುವ ಪುಡಿಯಲ್ಲೂ ಆ ನೇರಳೆ ಛಾಯೆ ಕಾಣುತ್ತದೆ. ಬಿಳಿ ಪುಡಿ ಬಂದರೆ ಅದು ಬೇರೆ ಯಾವುದೋ ಮರಕ್ಕೆ ಕಪ್ಪು ಶೂ ಪಾಲಿಶ್ ಬಳಿದದ್ದು. ಶೂ ಪಾಲಿಶ್ ಎಂದರೆ ತಮಾಷೆಯಲ್ಲ, ಅಲ್ಲಿನ ಕೆತ್ತನೆ ಶೆಡ್ಡುಗಳಲ್ಲಿ ಅದರ ಡಬ್ಬಿಗಳು ರಾಶಿ ಬಿದ್ದಿರುತ್ತವೆ. ಹೊಳಪಿಗೆ ಹಚ್ಚಿದರೆ ತಪ್ಪೇನಿಲ್ಲ. ಮರದ ಹೆಸರನ್ನೇ ಬದಲಾಯಿಸಲು ಹಚ್ಚಿದರೆ ಮೋಸ.

ಉಳಿದ ಮರಗಳ ವಿಷಯ ಬೇಗ ಮುಗಿಸುತ್ತೇನೆ. ಕೆನ್ಯಾದ ಮುಹುಗು ಗಟ್ಟಿ, ಕಂದು, ಸಣ್ಣಗೆ ಪರಿಮಳ ಬರುವ ಮರ. ಬೆಳೆಯುವುದು ನಿಧಾನ, ಕೆತ್ತನೆಗೆಂದೇ ಕಡಿದು ಕಡಿದು ಕಾಡಲ್ಲಿ ಅಪರೂಪವಾಗಿದೆ. ಆಫ್ರಿಕನ್ ಆಲಿವ್ ಮರಕ್ಕೆ ಕೆನೆ ಬಣ್ಣದ ಮೇಲೆ ಕಪ್ಪು ಗೆರೆಗಳ ಅಂದ. ಜಕರಂಡ ಮೆತ್ತಗೆ, ಅಗ್ಗ, ಬೇಗ ಸೀಳುತ್ತದೆ. ಇನ್ನೊಂದು, ಬೇವು! ಇಂಡಿಯಾದಿಂದ ಹೋಗಿ ಕೆನ್ಯಾ ಕರಾವಳಿಯಲ್ಲಿ ತಾನಾಗಿ ಹಬ್ಬಿದ ಮರ ಅದು. ಮುಹುಗು, ಎಂಪಿಂಗೊ ಕಡಿಯುವುದನ್ನು ಕಡಿಮೆ ಮಾಡಲು 1990ರ ದಶಕದಿಂದ ಬೇವು, ಮಾವು, ಜಕರಂಡ ಬಳಸಿ ಎಂದು ಪರಿಸರ ಸಂಘಟನೆಗಳು ಕೆತ್ತನೆಗಾರರನ್ನು ಒಲಿಸುತ್ತ ಬಂದಿವೆ. ಬೇವಿನ ಗೊಂಬೆಯನ್ನು ಯಾರಾದರೂ ಕೀಳಾಗಿ ಮಾತಾಡಿದರೆ ಕಿವಿಗೊಡಬೇಡಿ. ಚೆನ್ನಾಗಿ ಒಣಗಿಸಿದ ಬೇವಿಗೆ ಹುಳು ಹತ್ತುವುದೂ ಕಡಿಮೆ.

ಮಕೊಂಡೆ: ಒಂದೇ ಹೆಸರಿನಲ್ಲಿ ಮೂರು ಸ್ವಭಾವ

ಮಕೊಂಡೆ ಜನ ತಾಂಜಾನಿಯಾದ ಆಗ್ನೇಯ ಮೂಲೆ ಮತ್ತು ಮೊಜಾಂಬಿಕಿನ ಉತ್ತರ ಭಾಗದವರು. ನಡುವೆ ರುವುಮಾ ನದಿ, ಎರಡೂ ದಡಕ್ಕೆ ಅವರ ಪ್ರಸ್ಥಭೂಮಿ. ಮನೆತನ ತಾಯಿಯ ಕಡೆಯಿಂದ ನಡೆಯುವ ಅಳಿಯಕಟ್ಟಿನಂಥ ಪದ್ಧತಿ ಅವರದು. ಅವರ ಹುಟ್ಟಿನ ಕಥೆಯೇ ಕೆತ್ತನೆಯಿಂದ ಶುರುವಾಗುತ್ತದೆ: ಕಾಡಲ್ಲಿ ಒಂಟಿಯಾಗಿದ್ದ ಮೊದಲ ಮನುಷ್ಯ ಮರದಲ್ಲಿ ಹೆಣ್ಣಿನ ರೂಪ ಕೆತ್ತಿ ನಿಲ್ಲಿಸಿದ, ಅದಕ್ಕೆ ಜೀವ ಬಂತು, ಅವಳೇ ಎಲ್ಲರ ತಾಯಿ. ಹಾಗಾಗಿ ಹಳೆಯ ಮಕೊಂಡೆ ಕೆತ್ತನೆಯಲ್ಲಿ ತಾಯಿಯ ಮೂರ್ತಿಗೆ ದೊಡ್ಡ ಸ್ಥಾನ.

ಇಂದು ಅಂಗಡಿಯಲ್ಲಿ ಸಿಗುವ ಎಂಪಿಂಗೊ ಮೂರ್ತಿಗಳ ಕಥೆ ಅಷ್ಟು ಹಳೆಯದಲ್ಲ. ಪೋರ್ಚುಗೀಸರ ಆಳ್ವಿಕೆಯ ಮೊಜಾಂಬಿಕ್ ಬಿಟ್ಟು ಸೈಸಲ್ ಎಂಬ ನಾರಿನ ಗಿಡದ ತೋಟಗಳ ಕೂಲಿಗೆಂದು ತಾಂಗನೀಕಾಕ್ಕೆ (ಇಂದಿನ ತಾಂಜಾನಿಯಾದ ಮುಖ್ಯಭೂಮಿಗೆ ಆಗಿನ ಹೆಸರು) ಬಂದ ಮಕೊಂಡೆಗಳು ದಾರ್ ಎಸ್ ಸಲಾಮಿನ ಸುತ್ತ ನೆಲೆಸಿ, ಮಾರುಕಟ್ಟೆಗಾಗಿ ಕೆತ್ತತೊಡಗಿದರು. ಅವರ ಕೆಲಸ ಕೊಂಡು, ಹೊಸದನ್ನು ಮಾಡಿ ಎಂದು ಹುರಿದುಂಬಿಸಿದವರಲ್ಲಿ ಪ್ರಮುಖ, ಭಾರತೀಯ ಮೂಲದ ವ್ಯಾಪಾರಿ ಮೊಹಮದ್ ಪೀರಾ. ಇಂಥ ಕೆತ್ತನೆಯನ್ನು ‘ಪ್ರವಾಸಿ ಸರಕು’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾರಲೆಂದೇ ಮಾಡಿದರೂ ಬುದ್ಧಿ, ಕೈ, ನೆನಪು ಎಲ್ಲ ಅವರದೇ.

ಅಂಗಡಿಯಲ್ಲಿ ಮೂರು ಬಗೆ ಕಾಣುತ್ತೀರಿ. ಮೊದಲನೆಯದು ಉಜಮಾ, ‘ಬದುಕಿನ ಮರ’ ಎಂದೂ ಕರೆಯುತ್ತಾರೆ. ಒಂದೇ ಕೊರಡಿನ ಸುತ್ತ ಮನುಷ್ಯರು ಒಬ್ಬರ ಮೇಲೊಬ್ಬರು ಹತ್ತಿ ನಿಂತ ಗೋಪುರ: ಅಜ್ಜಿ, ಮಕ್ಕಳು, ಧಾನ್ಯ ಕುಟ್ಟುವವಳು, ನಗಾರಿ ಬಾರಿಸುವವನು. ಇದರ ಮೊದಲ ರೂಪ ಕೆತ್ತಿದವನೆಂದು ಯಾಕೊಬೊ ಸಂಗ್ವಾನಿಯ ಹೆಸರು ಹೇಳುತ್ತಾರೆ. ಅದರಲ್ಲಿದ್ದದ್ದು ಗೆದ್ದ ಕುಸ್ತಿಪಟುವನ್ನು ಎತ್ತಿ ಹಿಡಿದ ಜೊತೆಗಾರರು. ತಾಂಜಾನಿಯಾ ಸಮಾಜವಾದದ ಹಾದಿ ಹಿಡಿದ 1967ರ ಅರುಷಾ ಘೋಷಣೆಯ ನಂತರ, ಅಧ್ಯಕ್ಷ ನ್ಯೆರೆರೆ ಅವರ ಉಜಮಾ, ಅಂದರೆ ಎಲ್ಲರೂ ಒಂದೇ ಕುಟುಂಬ ಎಂಬ ಸಮಾಜವಾದದ ಗಾಳಿ ಬೀಸಿದಾಗ ಈ ಗೋಪುರಕ್ಕೂ ಅದೇ ಹೆಸರು ಅಂಟಿಕೊಂಡಿತು.

ಎರಡನೆಯದು ಶೆಟಾನಿ. ಭೂತ, ಪಿಶಾಚಿ, ಒಕ್ಕಣ್ಣ, ಬಾಯಿಂದ ಕಾಲು ಹೊರಟ ವಿಚಿತ್ರ ಜೀವಿಗಳು. 1950ರ ದಶಕದ ಕೊನೆಗೆ ಸಮಾಕಿ ಲಿಕಂಕೋವಾ ಎಂಬಾತ ಇದನ್ನು ಶುರು ಮಾಡಿದ. ಮೂರನೆಯದು ಮವಿಂಗು, ಅಂದರೆ ಮೋಡ: ರೂಪ ಕರಗಿ ಬರೀ ಬಳುಕು, ನಡುವೆ ಖಾಲಿ ಜಾಗ.

ಇವುಗಳಲ್ಲಿ ಮನೆಗೆ ಯಾವುದು? ಸಾಮಾನ್ಯವಾಗಿ ಎಲ್ಲರೂ ಉಜಮಾಕ್ಕೇ ಕೈ ಹಾಕುತ್ತಾರೆ, ಕಥೆ ಹೇಳಲು ಸುಲಭ. ನನ್ನ ತಕರಾರು ಏನೆಂದರೆ, ಗೇಣುದ್ದದ ಉಜಮಾ ಕೊಳ್ಳಬಾರದು. ಅಷ್ಟು ಚಿಕ್ಕದರಲ್ಲಿ ಮುಖಗಳೆಲ್ಲ ಒಂದೇ ಅಚ್ಚಿನವು, ಕೈಕಾಲು ಬರೀ ಗೀರು. ಒಂದೂವರೆ ಅಡಿಗಿಂತ ಎತ್ತರದ್ದರಲ್ಲಿ ಮಾತ್ರ ಕೆತ್ತಿದವನಿಗೆ ಆಟ ಆಡಲು ಜಾಗ ಸಿಗುತ್ತದೆ. ನೋಡುವಾಗ ಎರಡು ಮುಖಗಳನ್ನು ಆರಿಸಿಕೊಂಡು ಹೋಲಿಸಿ. ಮುದುಕಿಯ ಕೆನ್ನೆಯೂ ಮಗುವಿನ ಕೆನ್ನೆಯೂ ಬೇರೆಬೇರೆಯಾಗಿದ್ದರೆ ಒಳ್ಳೆಯ ಕೈ. ಗೋಪುರದ ಹಿಂಬದಿಯನ್ನೂ ನೋಡಿ. ಸೋಮಾರಿ ಕೆತ್ತನೆಯಲ್ಲಿ ಹಿಂಬದಿಯವರಿಗೆ ಪಾದವೇ ಇರುವುದಿಲ್ಲ. ಚಿಕ್ಕದು ಬೇಕೆಂದರೆ ಅದೇ ದುಡ್ಡಿಗೆ ಒಂದು ಒಳ್ಳೆಯ ಮವಿಂಗು ಬರುತ್ತದೆ. ಕಡಿಮೆ ಸಾಮಾನಿರುವ ಕೋಣೆಯಲ್ಲಿ, ಪಕ್ಕದಿಂದ ಬೆಳಕು ಬೀಳುವ ಜಾಗದಲ್ಲಿ ಅದು ಅರಳುವ ಹಾಗೆ ಮತ್ತೊಂದು ಅರಳುವುದಿಲ್ಲ. ಶೆಟಾನಿ ನನಗೆ ಅಚ್ಚುಮೆಚ್ಚು, ಆದರೆ ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಫೋಟೋ ತೋರಿಸಿ ಒಪ್ಪಿಸಿಕೊಳ್ಳಿ. ದೇವರ ಕೋಣೆಯ ಎದುರು ಒಕ್ಕಣ್ಣಿನ ಪಿಶಾಚಿ ಯಾಕೆ ಎಂಬ ಪ್ರಶ್ನೆಗೆ ಕಲೆ ಎಂಬ ಉತ್ತರ ಬಹಳ ದಿನ ನಡೆಯುವುದಿಲ್ಲ.

ದಾರ್‌ನ ಮ್ವೆಂಗೆ ಮಾರುಕಟ್ಟೆಗೆ ಹೋದರೆ ಕೆಲಸ ನಡೆಯುವುದನ್ನೇ ನೋಡಬಹುದು. ಅಂಗಡಿಗಳ ಹಿಂದೆ ಚಪ್ಪರ. ನೆಲದ ಮೇಲೆ ಕಾಲು ಚಾಚಿ ಕೂತವನು ಕೊರಡನ್ನು ಎರಡು ಪಾದಗಳ ನಡುವೆ ಅಮುಕಿ ಹಿಡಿದಿರುತ್ತಾನೆ, ಅವನಿಗೆ ಅದೇ ಬೆಂಚು, ಅದೇ ವೈಸ್. ಬಾಚಿಯಿಂದ ಒರಟು ತೆಗೆದು, ಉಳಿಯಿಂದ ಕಣ್ಣು ಮೂಗು ಬಿಡಿಸಿ, ಅರ ಹಾಕಿ, ಆಮೇಲೆ ಗಂಟೆಗಟ್ಟಲೆ ಸ್ಯಾಂಡ್ ಪೇಪರ್. ಎಂಪಿಂಗೊದ ಪುಡಿ ಬೆವರಿಗೆ ಅಂಟಿ ಮೊಣಕೈವರೆಗೂ ನೇರಳೆ ಬಣ್ಣ. ಬಾಚಿಯ ಏಟು ಒಂದು ಕೂದಲೆಳೆ ಆಚೆ ಹೋದರೆ ಹೆಬ್ಬೆರಳೇ ಹೋದೀತು ಅನ್ನುವಷ್ಟು ಹತ್ತಿರ ಬೀಳುತ್ತಿರುತ್ತದೆ. ಅವನು ಮಾತ್ರ ಪಕ್ಕದವನ ಜೊತೆ ಫುಟ್‌ಬಾಲ್ ಮಾತಾಡುತ್ತಿರುತ್ತಾನೆ.

ಕಾಂಬಾ ಕೆತ್ತನೆ: ಪ್ರಾಣಿ ಬೇಕೆಂದರೆ

ಕೆನ್ಯಾದ ಜಿರಾಫೆ, ಆನೆ, ಈಟಿ ಹಿಡಿದ ಮಸಾಯಿ ಯೋಧ, ಇವೆಲ್ಲ ಬಹುಮಟ್ಟಿಗೆ ಕಾಂಬಾ ಜನರ ಕೆಲಸ. ಮಚಾಕೋಸ್ ಕಡೆಯ ವಾಮುನ್ಯು ಎಂಬ ಊರಿನ ಮುಟಿಸ್ಯಾ ಮುಂಗೆ ಎಂಬಾತ ಮೊದಲ ಮಹಾಯುದ್ಧದಲ್ಲಿ ತಾಂಗನೀಕಾಕ್ಕೆ ಹೋಗಿ, ಅಲ್ಲಿನವರ ಕೆತ್ತನೆ ನೋಡಿ ಕಲಿತು, ಊರಿಗೆ ಮರಳಿ ಕಲಿಸಿದನೆಂದು ಅವರೇ ಹೇಳುತ್ತಾರೆ. ಅಂದರೆ ಈ ಕಸುಬಿಗೆ ನೂರು ವರ್ಷದ ಆಸುಪಾಸು. ಆಮೇಲೆ ಅದು ಸಹಕಾರ ಸಂಘಗಳಾಗಿ ಬೆಳೆಯಿತು; ಮೊಂಬಾಸಾದ ಅಕಾಂಬಾ ಸಂಘದ ಆವರಣದಲ್ಲಿ ನೂರಾರು ಕೆತ್ತನೆಗಾರರು ಒಟ್ಟಿಗೆ ಕೂತು ದುಡಿಯುತ್ತಾರೆ.

ಮಕೊಂಡೆಗೂ ಇದಕ್ಕೂ ವ್ಯತ್ಯಾಸ ಒಂದೇ ಮಾತಿನಲ್ಲಿ: ಮಕೊಂಡೆಯವನು ಕೊರಡಿನ ಸೊಟ್ಟವನ್ನು ನೋಡಿ ಏನು ಕೆತ್ತಬೇಕೆಂದು ತೀರ್ಮಾನಿಸುತ್ತಾನೆ, ಕಾಂಬಾದವನಿಗೆ ಏನು ಕೆತ್ತಬೇಕೆಂದು ಮೊದಲೇ ಗೊತ್ತು. ಆದ್ದರಿಂದ ಕಾಂಬಾ ಕೆಲಸದಲ್ಲಿ ಒಂದರಂತೆ ಇನ್ನೊಂದು, ಬೆಲೆ ಕಡಿಮೆ, ಆರಿಸಲು ರಾಶಿ. ಮಕ್ಕಳಿರುವ ಮನೆಗೆ, ಕೈಗೆತ್ತಿಕೊಂಡು ಆಡಲಿ ಬಿಡಿ ಎನ್ನುವವರಿಗೆ ಇದೇ ಸರಿ. ಜಿರಾಫೆ ಮಾತ್ರ ಜಾಣತನದಿಂದ ಆರಿಸಿ. ಕತ್ತಿನ ಉದ್ದಕ್ಕೂ ಮರದ ಎಳೆ ನೇರವಾಗಿ ಓಡಬೇಕು. ಎಳೆ ಅಡ್ಡ ಹಾಯ್ದಿದ್ದರೆ ಮೊದಲ ಸಲ ಬಿದ್ದಾಗಲೇ ಕತ್ತು ಮುರಿಯುತ್ತದೆ. ಕಾಲುಗಳಿಗೂ ಇದೇ ಪರೀಕ್ಷೆ.

ಪಶ್ಚಿಮದ ಕಡೆ: ಒಂದು ಮಗು, ಒಂದು ಹಕ್ಕಿ

ಘಾನಾದ ಅಸಾಂಟೆ ಜನರ ಅಕುಅಬಾ ಗೊಂಬೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ತಟ್ಟೆಯಂತೆ ದುಂಡನೆಯ ಚಪ್ಪಟೆ ತಲೆ, ಅದರ ಕೆಳಭಾಗದಲ್ಲಿ ಚಿಕ್ಕ ಕಣ್ಣು ಮೂಗು, ಉಂಗುರ ಉಂಗುರವಾದ ಕತ್ತು, ಅಡ್ಡಕ್ಕೆ ಚಾಚಿದ ಎರಡು ಕೈ. ಅಗಲವಾದ ಹಣೆ ಚೆಲುವಿನ ಗುರುತು, ಕತ್ತಿನ ಉಂಗುರ ತುಂಬಿದ ಮೈಯ, ಆರೋಗ್ಯದ ಗುರುತು. ಅಕುಆ ಎಂಬವಳಿಗೆ ಮಕ್ಕಳಾಗಲಿಲ್ಲವಂತೆ; ಪೂಜಾರಿಯ ಮಾತಿನಂತೆ ಮರದ ಮಗು ಮಾಡಿಸಿ ಬೆನ್ನಿಗೆ ಕಟ್ಟಿಕೊಂಡು ಓಡಾಡಿದಳಂತೆ. ಊರವರು ನಕ್ಕರು. ಕೊನೆಗೆ ಹೆಣ್ಣು ಮಗು ಹುಟ್ಟಿತು, ನಕ್ಕವರೂ ಗೊಂಬೆ ಮಾಡಿಸಿದರು. ಕುಮಾಸಿ ಪಕ್ಕದ ಅಹ್ವಿಯಾ ಎಂಬ ಊರಲ್ಲಿ ಇಂದಿಗೂ ಬೀದಿಯ ಎರಡೂ ಬದಿ ಕೆತ್ತನೆಯೇ ಕಸುಬು.

ಫ್ಲ್ಯಾಟಿನಲ್ಲಿ ಇರುವವರಿಗೆ ಅಕುಅಬಾಗಿಂತ ಅನುಕೂಲದ ಗೊಂಬೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಂದಡಿ ಎತ್ತರ, ಹಗುರ ಮರ, ಚಪ್ಪಟೆ. ಪುಸ್ತಕದ ಕಪಾಟಿನಲ್ಲಿ ನಾಲ್ಕು ಇಂಚು ಜಾಗ ಸಾಕು, ಗೋಡೆಗೂ ತೂಗುಹಾಕಬಹುದು. ಎದುರಿನಿಂದ ನೋಡಲೆಂದೇ ಇರುವ ರೂಪವಾದ್ದರಿಂದ ಹಿಂದೆ ಬಿಳಿ ಗೋಡೆ ಇದ್ದಷ್ಟೂ ಚೆನ್ನ. ತಲೆಯ ಅಂಚಿನ ದಪ್ಪ ಎಲ್ಲೆಡೆ ಒಂದೇ ಸಮ ಇದೆಯೇ, ಹಿಂಬದಿಯಲ್ಲೂ ಕೆತ್ತನೆ ಇದೆಯೇ ನೋಡಿ ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದವರಿಗೆ ಉಡುಗೊರೆ ಕೊಡುವ ಮುನ್ನ ಮಾತ್ರ ಇನ್ನೊಮ್ಮೆ ಯೋಚಿಸಿ. ‘ಏನಾದ್ರೂ ವಿಶೇಷಾನಾ?’ ಎಂದು ಕೇಳುವ ನೆಂಟರು ಅವರಿಗೆ ಈಗಾಗಲೇ ಸಾಕಷ್ಟಿರುತ್ತಾರೆ.

ಐವರಿ ಕೋಸ್ಟಿನ ಉತ್ತರದ ಕೊರ್ಹೊಗೊ ಊರಿನ ಸುತ್ತ ಸೆನೂಫೊ ಜನರ ಮಂಗಟ್ಟೆ ಹಕ್ಕಿ ಸಿಗುತ್ತದೆ. ಉದ್ದ ಕೊಕ್ಕು ಬಾಗಿ ಬಂದು ಉಬ್ಬಿದ ಹೊಟ್ಟೆಯನ್ನು ಮುಟ್ಟುತ್ತದೆ, ರೆಕ್ಕೆಗಳು ಹಲಗೆಯಂತೆ ಬದಿಗೆ ಚಾಚಿರುತ್ತವೆ. ಸೃಷ್ಟಿಯ ಮೊದಲ ಜೀವಿಗಳಲ್ಲಿ ಮಂಗಟ್ಟೆಯೂ ಒಂದು ಎಂದು ಅವರ ನಂಬಿಕೆ. ಮೂಲದಲ್ಲಿ ಇದು ಪೊರೊ ಎಂಬ ದೀಕ್ಷಾ ಸಂಘದ ವಸ್ತು. ಮಾರಾಟಕ್ಕೆ ಮಾಡುವವು ಗೇಣುದ್ದದಿಂದ ಆಳೆತ್ತರದವರೆಗೂ ಸಿಗುತ್ತವೆ. ಹಜಾರದ ಖಾಲಿ ಮೂಲೆಗೆ ಮೂರಡಿಯ ಒಂದು ಹಕ್ಕಿ ನಿಲ್ಲಿಸಿದರೆ ಬೇರೇನೂ ಬೇಕಾಗುವುದಿಲ್ಲ. ಹಗುರ ಮರ, ಎತ್ತರದ ಮೈ, ಹಾಗಾಗಿ ಪಾದದ ಅಗಲ ಗಮನಿಸಿ. ಅಂಗಡಿಯ ನೆಲದಲ್ಲೇ ಬೆರಳಿಂದ ತಳ್ಳಿ ನೋಡಿ, ತೂರಾಡಿದರೆ ಬಿಟ್ಟುಬಿಡಿ.

ಮಾಲಿಯ ಬಂಬಾರಾ ಜನರ ಚಿವಾರಾ ಎಂಬ ಜಿಂಕೆ ಶಿರೋಭೂಷಣವೂ ಎಲ್ಲ ಕಡೆ ಮಾರಾಟಕ್ಕಿದೆ. ರೂಪ ಅದ್ಭುತ, ಆದರೆ ಕೊಂಬುಗಳು ಕಡ್ಡಿಯಷ್ಟು ತೆಳು. ವಿಮಾನದಲ್ಲಿ ಬಂದ ಮೇಲೆ ಅಂಟು ಹಾಕುವ ತಾಳ್ಮೆ ಇದ್ದವರು ಕೊಳ್ಳಲಿ.

‘ಹಳೇದಾಗಿದ್ರೆ ಒಳ್ಳೇದು’ ಎಂಬುದಕ್ಕೆ

ನೈಜೀರಿಯಾದ ಯೊರುಬಾ ಜನರಲ್ಲಿ ಅವಳಿ ಮಕ್ಕಳು ಹುಟ್ಟುವುದು ಜಗತ್ತಿನಲ್ಲೇ ಹೆಚ್ಚು. ಅವಳಿಗಳಲ್ಲಿ ಒಂದು ತೀರಿಕೊಂಡರೆ ಅದರ ಹೆಸರಿನಲ್ಲಿ ಗೇಣಿಗಿಂತ ತುಸು ಎತ್ತರದ ಮರದ ಗೊಂಬೆ ಮಾಡಿಸುತ್ತಿದ್ದರು: ಎರೆ ಇಬೇಜಿ. ತಾಯಿ ಅದನ್ನು ತೊಳೆದು, ಕೆಂಪು ಮರದ ಪುಡಿ ಹಚ್ಚಿ, ತಲೆಗೂದಲಿಗೆ ನೀಲಿ ಬಳಿದು, ಬಟ್ಟೆ ತೊಡಿಸಿ, ಉಣಿಸಿ, ಬದುಕಿರುವ ಮಗುವಿನ ಜೊತೆಗೇ ನೋಡಿಕೊಳ್ಳುತ್ತಿದ್ದಳು. ಹಳೆಯ ಇಬೇಜಿಯ ಮುಖ ನುಣ್ಣಗೆ ಸವೆದು ಮೂಗು ಬಾಯಿ ಅಳಿಸಿಹೋಗಿರುತ್ತದೆ. ಆ ಸವಕಲು ಎಂದರೆ ಒಬ್ಬ ತಾಯಿಯ ಕೈ ವರ್ಷಗಟ್ಟಲೆ ಓಡಾಡಿದ ಗುರುತು. ಸಂಗ್ರಹಕಾರರು ಹೆಚ್ಚು ದುಡ್ಡು ಕೊಡುವುದೂ ಅದಕ್ಕೇ.

ಅಂಥದ್ದನ್ನು ಸೋಫಾದ ಪಕ್ಕ ಇಟ್ಟುಕೊಳ್ಳಲು ನನಗೆ ಮನಸ್ಸು ಬಾರದು. ಮನಸ್ಸಿನ ಮಾತು ಬಿಡಿ, ಕಾನೂನೂ ಬಿಡುವುದಿಲ್ಲ. ನೈಜೀರಿಯಾದ 1979ರ ಕಾನೂನಿನಂತೆ 1918ಕ್ಕಿಂತ ಹಿಂದಿನ ಕಲಾಕೃತಿ ಮಾತ್ರವಲ್ಲ, ಸಾಂಪ್ರದಾಯಿಕ ಆಚರಣೆಯಲ್ಲಿ ಬಳಸಿದ ಮಹತ್ವದ ವಸ್ತುವೂ ಪುರಾತನ ವಸ್ತುವೇ. ಅಲ್ಲಿನ ವಸ್ತುಸಂಗ್ರಹಾಲಯ ಆಯೋಗದ ಅನುಮತಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಆದ್ದರಿಂದ ‘ಇದು ಪೂಜೆಯಲ್ಲಿದ್ದದ್ದು ಸಾರ್’ ಎಂದು ಮಾರುವವನ ಮಾತು ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು, ನಿಜವಾದರೆ ನೀವು ಕಾನೂನಿನ ಕೈಗೆ ಸಿಕ್ಕಿದಿರಿ.

ಕೆನ್ಯಾ ಕರಾವಳಿಯ ಮಿಜಿಕೆಂಡಾ ಜನರ ವಿಗಾಂಗೊ ಕಂಬಗಳ ಕಥೆ ಇನ್ನೂ ಕಹಿ. ತೀರಿಕೊಂಡ ಹಿರಿಯರ ನೆನಪಿಗೆ ನೆಡುವ, ತ್ರಿಕೋನಗಳನ್ನು ಕೊರೆದ ಮರದ ಕಂಬಗಳವು; ನೆಟ್ಟಮೇಲೆ ಅಲುಗಿಸಬಾರದು, ಮಣ್ಣಲ್ಲಿ ಮಣ್ಣಾಗಬೇಕು ಎಂಬುದು ನಂಬಿಕೆ. ಅವನ್ನು ರಾತ್ರೋರಾತ್ರಿ ಕಿತ್ತು ಮಾರುವ ದಂಧೆ ದಶಕಗಳ ಕಾಲ ನಡೆಯಿತು. 1985ರಲ್ಲಿ ಒಂದು ಕುಟುಂಬದ ಯಜಮಾನ ತೀರಿಕೊಂಡ ತನ್ನ ಇಬ್ಬರು ಸೋದರರ ಕಂಬಗಳ ಪಕ್ಕ ನಿಂತು ಸಂಶೋಧಕಿಯೊಬ್ಬರಿಂದ ಫೋಟೋ ತೆಗೆಸಿಕೊಂಡಿದ್ದ. ಸ್ವಲ್ಪ ಸಮಯಕ್ಕೇ ಕಂಬಗಳು ಕಳುವಾದವು. ಆ ಫೋಟೋದ ಬಲದಿಂದಲೇ ಅಮೆರಿಕದ ಎರಡು ಮ್ಯೂಸಿಯಂಗಳಲ್ಲಿ ಅವು ಪತ್ತೆಯಾಗಿ, 2007ರಲ್ಲಿ ಕೆನ್ಯಾಕ್ಕೆ ಮರಳಿದವು. ದಿಲ್ಲಿಯ ಕರಕುಶಲ ಮ್ಯೂಸಿಯಮ್ಮಿನಲ್ಲಿ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ ಮರದ ಮೂರ್ತಿಗಳ ಎದುರು ನಿಂತ ತುಳುನಾಡಿನವರಿಗೆ, ನಂಬಿದ ವಸ್ತು ಪ್ರದರ್ಶನದ ವಸ್ತುವಾಗುವುದು ಎಂದರೇನು ಎಂದು ವಿವರಿಸಬೇಕಾಗಿಲ್ಲ. ಅಂತರ್ಜಾಲದಲ್ಲಿ ‘ಹಳೆಯ ವಿಗಾಂಗೊ’ ಎಂದು ಯಾರಾದರೂ ಮಾರುತ್ತಿದ್ದರೆ ಮುಟ್ಟಬೇಡಿ. ಮುಂದಿನ ಪುಟಕ್ಕೆ ಹೋಗಿ.

ಕೈಗೆತ್ತಿಕೊಂಡಾಗ

ಮೊದಲು ತಳ ನೋಡಿ. ಹೊಳಪು, ಬಣ್ಣ ಏನಿದ್ದರೂ ಮೇಲೆ. ತಳದಲ್ಲಿ ಮರ ತನ್ನ ನಿಜ ಹೇಳುತ್ತದೆ. ಬೆಳವಣಿಗೆಯ ಉಂಗುರ, ನಡುವಿನ ತಿರುಳು ಕಂಡರೆ ಮರ. ತಳಕ್ಕೆ ವೆಲ್ವೆಟ್ ಬಟ್ಟೆ ಅಂಟಿಸಿದ್ದರೆ, ಬದಿಯಲ್ಲಿ ಅಚ್ಚಿನ ಸಣ್ಣ ಏಣು ಓಡಿದ್ದರೆ ರೆಸಿನ್. ಪಕ್ಕದ ಗೊಂಬೆಯಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರಂತೂ ಅನುಮಾನವೇ ಬೇಡ. ಇಂಡೋನೇಷ್ಯಾದಲ್ಲಿ ಕೆತ್ತಿದ ‘ಆಫ್ರಿಕನ್’ ಗೊಂಬೆಗಳೂ ಜಗತ್ತೆಲ್ಲ ಹರಿದಾಡುತ್ತಿವೆ. ಅವು ಮರವೇ, ಕೈಕೆಲಸವೇ, ಹಾಗಾಗಿ ತಳ ನೋಡಿದರೆ ಸಿಕ್ಕಿಬೀಳುವುದಿಲ್ಲ. ಯಾವ ಜನರ ಶೈಲಿ, ಯಾವ ಊರಿಂದ ತರಿಸಿದ್ದು, ಯಾವ ಮರ ಎಂದು ಮಾರುವವರನ್ನು ಕೇಳಿ. ಮೂರಕ್ಕೂ ‘ಆಫ್ರಿಕಾದ್ದು ಮೇಡಂ’ ಎಂದಷ್ಟೇ ಉತ್ತರ ಬಂದರೆ ಅಲ್ಲಿಗೆ ಸಾಕು.

ಬಣ್ಣದ ಪರೀಕ್ಷೆಗೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತಳದಲ್ಲಿ ಒರೆಸಿ ನೋಡಬಹುದು, ಅಂಗಡಿಯವನನ್ನು ಕೇಳಿಯೇ ಮಾಡಿ. ತುಸು ಬಣ್ಣ ಬಿಟ್ಟರೆ ಪಾಲಿಶ್. ಹತ್ತಿ ಮಸಿಯಾಗಿ ಕೆಳಗೆ ಬಿಳಿ ಮರ ಇಣುಕಿದರೆ ನಕಲಿ ಎಬೊನಿ. ಸಣ್ಣ ತೂತುಗಳಿದ್ದು, ತಟ್ಟಿದಾಗ ಹೊಸ ಹಿಟ್ಟು ಉದುರಿದರೆ ಕುಟ್ಟೆಹುಳು ಒಳಗಿದೆ. ಅದು ಮನೆಗೆ ಬಂದರೆ ಗೊಂಬೆಯ ಜೊತೆಗೆ ನಿಮ್ಮ ಕಪಾಟೂ ಹೋಗುತ್ತದೆ. ಬಿರುಕು ಇದ್ದ ಮಾತ್ರಕ್ಕೆ ಬೇಡ ಅನ್ನಬೇಡಿ. ಮೇಣ ತುಂಬಿ ಮುಚ್ಚಿಟ್ಟ ಬಿರುಕು ಬೇರೆ. ಉಗುರಿಂದ ಕೆರೆದರೆ ಗೊತ್ತಾಗುತ್ತದೆ.

ಚೌಕಾಸಿ ಮಾಡಿ, ಅಲ್ಲಿನವರಿಗೂ ಅದು ಮಾತುಕತೆಯ ಭಾಗ. ಆದರೆ ಕೆತ್ತಿದವನೇ ಎದುರಿಗಿದ್ದರೆ ನಾನು ಒಂದೆರಡು ಸುತ್ತಿಗೇ ನಿಲ್ಲಿಸುತ್ತೇನೆ. ಆಗ ಹೆಸರು, ಊರು ಬರೆದುಕೊಡು ಎಂದರೆ ಖುಷಿಯಿಂದ ಬರೆದುಕೊಡುತ್ತಾರೆ. ಹತ್ತು ವರ್ಷದ ಮೇಲೆ ಅಂಗಡಿಯ ಯಾವ ಸರ್ಟಿಫಿಕೇಟಿಗಿಂತಲೂ ಆ ಚೀಟಿಗೇ ಬೆಲೆ.

ತರುವುದು, ಇಡುವುದು

ಎಂಪಿಂಗೊ ಸೇರಿದಂತೆ ಡಾಲ್ಬರ್ಜಿಯಾ ಕುಲದ ಹೆಚ್ಚುಕಮ್ಮಿ ಎಲ್ಲ ಮರಗಳೂ 2017ರ ಜನವರಿ 2ರಿಂದ, ಅಪಾಯದಲ್ಲಿರುವ ಗಿಡಮರ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಸಿದ್ಧ ವಸ್ತುಗಳಲ್ಲಿರುವ ಮರದ ತೂಕ ಒಂದು ರವಾನೆಗೆ 10 ಕೆಜಿ ಮೀರದಿದ್ದರೆ ಈ ಒಪ್ಪಂದದ ಪರವಾನಗಿ ಬೇಕಿಲ್ಲ. ಎರಡು ಮೂರು ಮೂರ್ತಿ ತರುವವರಿಗೆ ತೊಂದರೆಯಿಲ್ಲ. ಮಾರುದ್ದದ ಉಜಮಾ ಗೋಪುರದ ಆಸೆ ಇದ್ದರೆ ಮೊದಲು ತೂಕ ಹಾಕಿಸಿ. ಆಯಾ ದೇಶದ ರಫ್ತು ನಿಯಮ ಬೇರೆಯೇ ಇರಬಹುದು, ಆದ್ದರಿಂದ ಅಂಗಡಿಯ ರಶೀದಿ ಇಟ್ಟುಕೊಳ್ಳಿ, ಮರದ ಹೆಸರು ಅದರಲ್ಲಿರಲಿ. ದಂತ, ಚರ್ಮ, ಗರಿ, ಹಲ್ಲು ಅಂಟಿಸಿದ ಗೊಂಬೆಗಳನ್ನು ಕೊಳ್ಳಲೇಬೇಡಿ.

ಹಗುರ ಮರದ ಗೊಂಬೆ ತಂದಮೇಲೆ ಹುಳುವಿನ ಭಯ ಇದ್ದರೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದಮೇಲೆ ಸುತ್ತಿದ ಹಾಗೇ ಒಂದು ದಿನ ಬಿಟ್ಟು ಬಿಚ್ಚಿ, ಇಲ್ಲದಿದ್ದರೆ ಮೈಮೇಲೆ ನೀರು ಕೂರುತ್ತದೆ. ದಾರ್ ಅಥವಾ ಮೊಂಬಾಸಾದಿಂದ ಮಂಗಳೂರಿಗೆ ಬಂದ ಗೊಂಬೆಗೆ ಹವಾಮಾನದ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಕಡಲಿಂದ ಕಡಲಿಗೆ. ಬೆಂಗಳೂರಿಗೆ, ಅದರಲ್ಲೂ ಫೆಬ್ರವರಿ ಮಾರ್ಚಿನಲ್ಲಿ ತಂದರೆ ಒಣ ಗಾಳಿಗೆ ಬಿರುಕು ಬಿಡಬಹುದು. ಕಾಗದ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಕೆಲವು ವಾರ ಇಟ್ಟು, ಆಗಾಗ ಮುಚ್ಚಳ ತೆಗೆಯುತ್ತ ಒಗ್ಗಿಸಿ. ಮನೆಯೊಳಗೂ ಏಸಿಯ ಗಾಳಿ ನೇರ ಬೀಳುವ ಕಡೆ, ಬಿಸಿಲು ಹಾಯುವ ಕಿಟಕಿ, ಫ್ರಿಜ್ಜಿನ ತಲೆ, ಈ ಮೂರು ಜಾಗ ಬೇಡ. ಧೂಳಿಗೆ ಒಣ ಬ್ರಷ್, ವರ್ಷಕ್ಕೊಮ್ಮೆ ತುಸು ಜೇನುಮೇಣ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಹಲವರಿಗಿದೆ. ಎರಡು ದಿನ ಮಿನುಗುತ್ತದೆ, ಆಮೇಲೆ ಕಮಟು ವಾಸನೆ, ಅಂಟು, ಧೂಳು.

ನನ್ನನ್ನೇ ಕೇಳಿದರೆ, ಮೊದಲ ಗೊಂಬೆ ಕೊಳ್ಳುವವರಿಗೆ ಅಕುಅಬಾ. ದುಡ್ಡು ಜಾಸ್ತಿ ಹಾಕಲು ಸಿದ್ಧ, ಮನೆಯಲ್ಲಿ ಒಂದೇ ವಸ್ತು ಇದ್ದರೂ ಸಾಕು ಎನ್ನುವವರಿಗೆ ಒಳ್ಳೆಯ ಕೈಯ ಮಕೊಂಡೆ, ಅದರಲ್ಲೂ ಹೊರಗಿನ ಬಿಳಿ ಪದರವನ್ನು ಬಣ್ಣದಡಿ ಮುಚ್ಚದೆ ಹಾಗೇ ಉಳಿಸಿದ್ದು ಸಿಕ್ಕರೆ ಬಿಡಬೇಡಿ. ಕಪ್ಪು ಮೈಯ ಅಂಚಿಗೆ ಆ ಹಳದಿ ಗೆರೆ ಓಡುವುದೇ ಚೆಂದ, ಮರ ಯಾವುದೆಂಬ ಅನುಮಾನವೂ ಉಳಿಯದು. ಮಕ್ಕಳ ಕೋಣೆಗೆ ಬೇವಿನ ಆನೆ. ಹಕ್ಕಿಯ ಆಸೆ ಇದ್ದವರು ಮೊದಲು ಮನೆಯ ಮೂಲೆ ಅಳೆದುಕೊಂಡು ಹೋಗಿ. ಅಂಗಡಿಯಲ್ಲಿ ಚಿಕ್ಕದಾಗಿ ಕಂಡ ಮೂರಡಿಯ ಮಂಗಟ್ಟೆ ಎಂಟಡಿಯ ಕೋಣೆಗೆ ಬಂದರೆ ರೆಕ್ಕೆ ಚಾಚಿಕೊಂಡು ಬಾಗಿಲಿಗೇ ಅಡ್ಡ ನಿಲ್ಲುತ್ತದೆ.